ಹೆಗ್ಗೋಡಿಗೆ ನಾಟಕ ನೋಡಲು ಹೊರಟವರಿಗೆ

ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಹುಟ್ಟುಹಾಕಿದ, ಊರಿನ ಜನ ಬೆಳೆಸಿದ ರಂಗಸಂಸ್ಥೆ. ಅಲ್ಲಿ ಮಲ್ಟಿಪ್ಲೆಕ್ಸ್‌ನ ಸೌಕರ್ಯ ಹುಡುಕಬೇಡಿ. ಪ್ರದರ್ಶನ ಇದೆಯೇ ಎಂದು ಮೊದಲೇ ವಿಚಾರಿಸಿ. ರಾತ್ರಿ ಮರಳುವ ವಾಹನವನ್ನೋ ಉಳಿಯುವ ಜಾಗವನ್ನೋ ಗೊತ್ತುಮಾಡಿಕೊಳ್ಳಿ. ಅರ್ಧ ಗಂಟೆ ಮುಂಚೆ ತಲುಪಿ. ಜೊತೆಯಲ್ಲಿ ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಬಾಗಿಲಲ್ಲೇ ಹೇಳಿ. ನಾಟಕ ಶುರುವಾಗುವ ಸೂಚನೆಯಾದ ಮೂರನೇ ಬೆಲ್ ಆಗುವ ಮುನ್ನ ಮೊಬೈಲ್ ಆಫ್ ಮಾಡಿ. ಕತ್ತಲಲ್ಲಿ ಹೊಳೆಯುವ ಅದರ ಬೆಳಕು ನಟರ ಏಕಾಗ್ರತೆಯನ್ನೂ ಕೆಡಿಸುತ್ತದೆ. ಏನಾದರೂ ಕೊರತೆ ಕಂಡರೆ ನಾಟಕ ಮುಗಿದ ಮೇಲೆ ನಡೆಸುವವರಿಗೆ ನೇರವಾಗಿ, ಮೆಲ್ಲಗೆ ತಿಳಿಸಿ. ಮೆಚ್ಚಿಕೊಂಡದ್ದನ್ನೂ ಮರೆಯದೆ ಹೇಳಿ. ಇಂಥ ರಂಗಮಂದಿರಗಳು ಉಳಿಯುವುದು ಪ್ರೇಕ್ಷಕರಿಂದಲೇ. ಟಿಕೆಟ್ ಕೊಂಡೇ ನಾಟಕ ನೋಡಿ.