ಫಿಂಚ್ ಪಂಜರದಲ್ಲಿ ಬಾಣಂತನ

ಜೀಬ್ರಾ ಫಿಂಚ್ ಜೋಡಿಯಿಂದ ಮರಿ ಮಾಡಿಸಲು ಯಾರೂ ಹರಸಾಹಸ ಪಡಬೇಕಿಲ್ಲ. ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ ಇದು. ಅಲ್ಲಿ ಮಳೆ ಬಿದ್ದು ಹುಲ್ಲು ತೆನೆ ಕಟ್ಟಿದ್ದೇ ತಡ, ಯಾವ ತಿಂಗಳಾದರೂ ಸರಿ, ಗೂಡು ಕಟ್ಟಲು ಶುರುಮಾಡುತ್ತದೆ. ನಮ್ಮ ಪಂಜರದಲ್ಲಂತೂ ಕಾಳು–ನೀರಿಗೆ ಬರವೇ ಇಲ್ಲ, ವರ್ಷವಿಡೀ ಸುಗ್ಗಿ. ಬಿಟ್ಟರೆ ಹೆಣ್ಣು ಸೊರಗಿ ಹಾಸಿಗೆ ಹಿಡಿಯುವವರೆಗೂ ಮೊಟ್ಟೆ ಇಡುತ್ತಲೇ ಇರುತ್ತದೆ. ಗೂಡು ಯಾವಾಗ ಕೊಡಬೇಕು, ಯಾವಾಗ ಕಿತ್ತುಕೊಳ್ಳಬೇಕು ಎಂಬುದೇ ಸಾಕುವವರ ಮುಖ್ಯ ಕೆಲಸ.

ಕೊಳ್ಳುವಾಗಲೇ ಒಂದು ಎಚ್ಚರ. ನಮ್ಮ ಕೆಂಪು ರಾಟವಾಳ, ಚುಕ್ಕೆ ರಾಟವಾಳಗಳನ್ನೂ ಕೆಲವರು ಫಿಂಚ್ ಎಂದೇ ಮಾರುತ್ತಾರೆ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಹಕ್ಕಿಗಳು. ಹಿಡಿಯುವುದೂ ಸಾಕುವುದೂ ಅಪರಾಧ.

ಜೋಡಿ, ಗೂಡು

ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಮಚ್ಚೆ, ಕಡುಗೆಂಪು ಕೊಕ್ಕು. ಹೆಣ್ಣಿನ ಕೊಕ್ಕು ಕಿತ್ತಳೆ ಬಣ್ಣದ್ದು. ಪೂರ್ತಿ ಬಿಳಿ ಹಕ್ಕಿಯಲ್ಲಿ ಕೊಕ್ಕೊಂದೇ ಗುರುತು. ಮೂರು ತಿಂಗಳಿಗೆಲ್ಲ ಪ್ರಾಯಕ್ಕೆ ಬರುತ್ತವಾದರೂ ಎಂಟು–ಒಂಬತ್ತು ತಿಂಗಳು ತುಂಬುವವರೆಗೆ ಗೂಡು ಬೇಡ. ಒಂದೇ ಗೂಡಿನಲ್ಲಿ ಹುಟ್ಟಿದವನ್ನು ಜೋಡಿ ಮಾಡಬೇಡಿ.

ಒಂದು ಜೋಡಿಗೆ ಎರಡೂವರೆ ಅಡಿ ಉದ್ದದ ಪಂಜರವಿದ್ದರೆ ಒಳ್ಳೆಯದು. ಮಣ್ಣಿನ ಕುಡಿಕೆಯೋ ಬುಟ್ಟಿಯೋ ಮರದ ಪೆಟ್ಟಿಗೆಯೋ, ಯಾವುದನ್ನಾದರೂ ಎತ್ತರದಲ್ಲಿ ಕಟ್ಟಿ. ಒಣಹುಲ್ಲು, ತೆಂಗಿನ ನಾರನ್ನು ಬೆರಳುದ್ದ ಕತ್ತರಿಸಿ ಹಾಕಿ. ಹತ್ತಿ ದಾರ, ಕೂದಲು ಬೇಡವೇ ಬೇಡ. ಮರಿಗಳ ಕಾಲಿಗೆ ಸುತ್ತಿಕೊಂಡರೆ ಕಾಲೇ ಹೋಗುತ್ತದೆ. ಮೊದಲ ಮೊಟ್ಟೆ ಕಂಡ ದಿನ ಪಂಜರದಲ್ಲಿ ಉಳಿದ ನಾರನ್ನೆಲ್ಲ ತೆಗೆದುಬಿಡಿ. ಇಲ್ಲದಿದ್ದರೆ ಗಂಡು ಹುಮ್ಮಸ್ಸಿನಲ್ಲಿ ಮೊಟ್ಟೆಯ ಮೇಲೇ ಇನ್ನೊಂದು ಪದರ ಹಾಸುತ್ತದೆ, ಹೆಣ್ಣು ಅದರ ಮೇಲೆ ಮತ್ತೆ ಮೊಟ್ಟೆ ಇಡುತ್ತದೆ, ಕೆಳಗಿನವು ತಣ್ಣಗಾಗಿ ಕೆಡುತ್ತವೆ.

ಊಟ

ಅಡುಗೆಗೆ ತರುವ ನವಣೆ ಅಕ್ಕಿಯಲ್ಲ, ಸಿಪ್ಪೆ ಸಮೇತ ಇರುವ ನವಣೆ, ಸಾಮೆ, ಬರಗು ಬೇಕು. ನವಣೆಯ ತೆನೆಯನ್ನೇ ತೂಗುಹಾಕಿದರೆ ಇನ್ನೂ ಖುಷಿ. ಫಿಂಚ್ ಕಾಳು ಸುಲಿದು ಹೊಟ್ಟನ್ನು ಬಟ್ಟಲಲ್ಲೇ ಬಿಡುತ್ತದೆ. ಬಟ್ಟಲು ತುಂಬಿದಂತೆ ಕಾಣುತ್ತದೆ, ಊದಿ ನೋಡಿದರೆ ತಳದಲ್ಲಿ ನಾಲ್ಕು ಕಾಳೂ ಇರುವುದಿಲ್ಲ. ಮರಿಗಳಿರುವಾಗ ದಿನಕ್ಕೆರಡು ಸಲ ಊದಿ ನೋಡುವುದು ಕಡ್ಡಾಯ.

ಸುಣ್ಣದಂಶಕ್ಕೆ ಕಟಲ್ ಬೋನ್, ಅದಿಲ್ಲದಿದ್ದರೆ ಚೆನ್ನಾಗಿ ಕುದಿಸಿ ಒಣಗಿಸಿ ಪುಡಿಮಾಡಿದ ಕೋಳಿಮೊಟ್ಟೆ ಸಿಪ್ಪೆ. ಇದು ಕಡಿಮೆಯಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಹೆಣ್ಣು ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ಮುಕ್ಕರಿಯುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಬಲ್ಬಿನ ಬಿಸಿ ತಾಗುವಂತಿಟ್ಟು ಅಂದೇ ವೈದ್ಯರಿಗೆ ತೋರಿಸಿ.

ಕಾವು

ದಿನಕ್ಕೊಂದರಂತೆ ನಾಲ್ಕರಿಂದ ಆರು ಮೊಟ್ಟೆ. ಮೊದಲ ದಿನಗಳಲ್ಲಿ ಸರಿಯಾಗಿ ಕಾವಿಗೆ ಕೂರಲಿಲ್ಲವೆಂದು ಗಾಬರಿ ಬೇಡ. ಮೂರು–ನಾಲ್ಕು ಮೊಟ್ಟೆಯಾದ ಮೇಲೇ ಗಟ್ಟಿಯಾಗಿ ಕೂರುವುದು. ಗಂಡು–ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ. ಅಲ್ಲಿಂದ 12–14 ದಿನಕ್ಕೆ ಮರಿ. ಸೆಕೆ ಹೆಚ್ಚಿದಾಗ ಇವು ಒಡೆಯಲಿರುವ ಮೊಟ್ಟೆಗಳ ಜೊತೆ ವಿಶೇಷ ಸದ್ದಿನಲ್ಲಿ ಮಾತಾಡುತ್ತವೆ, ಅದನ್ನು ಕೇಳಿದ ಮರಿಗಳ ಬೆಳವಣಿಗೆಯೇ ಬೇರೆಯಾಗುತ್ತದೆ ಎಂದು 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಗಳಿಗೆಗೊಮ್ಮೆ ಗೂಡಿಗೆ ಇಣುಕುವ ನಮ್ಮ ಚಪಲ ಸ್ವಲ್ಪ ಕಡಿಮೆಯಾದರೆ ಒಳ್ಳೆಯದು. ವಾರದ ನಂತರ ಒಮ್ಮೆ ಟಾರ್ಚ್ ಹಿಡಿದು ನೋಡಿದರೆ ಸಾಕು. ಜೀವವಿರುವ ಮೊಟ್ಟೆಯೊಳಗೆ ಕೆಂಪು ನರಗಳ ಜಾಲ ಕಾಣುತ್ತದೆ.

ಮರಿಗಳು

ಮೊದಲ ದಿನಗಳಲ್ಲಿ ಮರಿಯ ಕುತ್ತಿಗೆಯನ್ನೇ ನೋಡಿ. ಚರ್ಮ ಎಷ್ಟು ತೆಳುವೆಂದರೆ, ಗುಟುಕು ತಿಂದಿದ್ದರೆ ಕಾಳುಗಳು ಹೊರಗಿನಿಂದಲೇ ಎಣಿಸುವಂತೆ ಕಾಣುತ್ತವೆ. ಅಲ್ಲಿ ಖಾಲಿಯಿದ್ದರೆ ಮರಿ ಉಪವಾಸ ಎಂದೇ ಅರ್ಥ. ಬೇಯಿಸಿ ಕಿವುಚಿದ ಮೊಟ್ಟೆ, ಮೊಳಕೆ ಬಂದ ನವಣೆ, ಕೊತ್ತಂಬರಿ ಸೊಪ್ಪು ದಿನಾ ಕೊಡಿ. ಎರಡು ಗಂಟೆ ಕಳೆದ ಮೊಟ್ಟೆಯನ್ನು ತೆಗೆದುಬಿಡಿ, ಹಳಸುತ್ತದೆ. ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ.

ಮರಿ ಕೆಳಗೆ ಬಿದ್ದರೆ ಅಂಗೈಯಲ್ಲಿ ಬೆಚ್ಚಗೆ ಮಾಡಿ ಗೂಡಿಗೆ ಮರಳಿಸಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ. ನಿಜವಾದ ಶತ್ರು ಇರುವೆ. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿಡಿ. ಸೊಳ್ಳೆಬತ್ತಿ, ಸಾಂಬ್ರಾಣಿ, ಜಿರಳೆ ಸ್ಪ್ರೇ ಯಾವುದೂ ಆ ಕೋಣೆಯಲ್ಲಿ ಬೇಡ. ಒಲೆಯ ಮೇಲೆ ಮರೆತ ನಾನ್‌ಸ್ಟಿಕ್ ಪಾತ್ರೆಯ ಹೊಗೆಯಂತೂ ನಿಮಿಷಗಳಲ್ಲಿ ಹಕ್ಕಿಯ ಪ್ರಾಣ ತೆಗೆಯಬಲ್ಲದು.

ಮೂರು ವಾರದ ಹೊತ್ತಿಗೆ ಮರಿಗಳು ಗೂಡು ಬಿಡುತ್ತವೆ. ಆಗಿನ್ನೂ ಕೊಕ್ಕು ಕಪ್ಪು, ಗುಟುಕಿಗೆ ಅಪ್ಪನ ಹಿಂದೆಯೇ ಓಡಾಟ. ಐದು–ಆರು ವಾರಕ್ಕೆ ತಾವೇ ಕಾಳು ಒಡೆಯುವುದನ್ನು ಕಣ್ಣಾರೆ ಕಂಡ ಮೇಲೆ ಬೇರ್ಪಡಿಸಿ. ಗಂಡು ಮರಿಗಳು ಹಾಡು ಕಲಿಯುವುದು ಅಪ್ಪನಿಂದ. ಬೇರೆ ಮಾಡಿದರೂ ಅಪ್ಪನ ದನಿ ಕೇಳುವಷ್ಟು ಹತ್ತಿರವೇ ಇಡಿ.

ಬಿಡುವು

ಅಷ್ಟರಲ್ಲಿ ತಾಯಿ ಮತ್ತೆ ಮೊಟ್ಟೆ ಇಟ್ಟಿರುತ್ತದೆ. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಲ ಸಾಕು. ಆಮೇಲೆ ಗೂಡು ತೆಗೆದು, ಮೊಟ್ಟೆ–ಮೊಳಕೆ ನಿಲ್ಲಿಸಿ, ಬರೀ ಕಾಳಿನ ಊಟ ಕೊಡಿ. ಕಾಳಿನ ಬಟ್ಟಲಲ್ಲೇ ಮೊಟ್ಟೆ ಇಡುವ ಹಟಮಾರಿಗಳೂ ಇರುತ್ತವೆ. ಆಗ ಕೆಲವು ತಿಂಗಳು ಗಂಡನ್ನು ಪಕ್ಕದ ಪಂಜರಕ್ಕೆ ಹಾಕಿ.