ಚಹಾ ಬಿಟ್ಟ ದಿನದ ತಲೆನೋವು

ರಂಜಾನಿನ ಮೊದಲ ರೋಜಾ ಇರಲಿ, ಚಹಾವನ್ನೂ ಮುಟ್ಟದೆ ಮಾಡುವ ಶಿವರಾತ್ರಿಯ ಉಪವಾಸ ಇರಲಿ, ದಾವಣಗೆರೆಯ ಮನೆಗಳಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಯಾರಾದರೊಬ್ಬರು ಹಣೆ ಒತ್ತಿಕೊಂಡು "ತಲೆ ಸಿಡೀತೈತಿ" ಅನ್ನುತ್ತಾರೆ. ಹೊಟ್ಟೆ ಖಾಲಿ, ಪಿತ್ತ ಏರಿದೆ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹಸಿವು, ನೀರಡಿಕೆ, ನಿದ್ದೆಗೇಡು ಇವೂ ತಲೆನೋವು ತರುತ್ತವೆ. ಆದರೆ ದಿನಾ ನಾಲ್ಕಾರು ಚಹಾ ಕುಡಿಯುವವರು ಮೊದಲು ಅನುಮಾನಿಸಬೇಕಾದದ್ದು ಅಂದು ಮೈಗೆ ಸಿಗದ ಕೆಫೀನನ್ನು.

ಇದು ಹೇಗೆ ಆಗುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ. ನಾವು ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕೂತರೆ ತೂಕಡಿಕೆ ಬರುತ್ತದೆ, ರಕ್ತನಾಳಗಳು ಸಡಿಲಗೊಳ್ಳುತ್ತವೆ. ಹರಿಹರದ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುತ್ತಾರಲ್ಲ, ಕೆಫೀನ್ ಮಾಡುವುದು ಅದನ್ನೇ. ತಾನು ಜಾಗ ಹಿಡಿದು ಅಡಿನೋಸಿನ್ನನ್ನು ನಿಲ್ಲಿಸಿಬಿಡುತ್ತದೆ. ದಿನಾ ಹೀಗೇ ಆದರೆ ಮೆದುಳು ಸುಮ್ಮನಿರುವುದಿಲ್ಲ, ಹೊಸ ಸೀಟುಗಳನ್ನು ಮಾಡಿಕೊಳ್ಳುತ್ತದೆ. ಒಂದು ದಿನ ಚಹಾ ತಪ್ಪಿತೆಂದರೆ ಹಳೆಯ, ಹೊಸ ಎಲ್ಲ ಸೀಟಿನಲ್ಲೂ ಅಡಿನೋಸಿನ್ ಬಂದು ಕೂರುತ್ತದೆ. ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಮಿಡಿಯತೊಡಗುತ್ತದೆ. ಜೊತೆಗೆ ಆಯಾಸ, ಮಂಕು, ಸಿಡುಕು, ಕೆಲವರಿಗೆ ವಾಕರಿಕೆ, ಮೈಕೈ ನೋವು.

ಕೊನೆಯ ಚಹಾ ಕುಡಿದ 12ರಿಂದ 24 ಗಂಟೆಯೊಳಗೆ ಇದು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಅತಿ ಹೆಚ್ಚಾಗಿ, ಸಾಮಾನ್ಯವಾಗಿ 2ರಿಂದ 9 ದಿನಗಳಲ್ಲಿ ತಾನಾಗಿ ಹೋಗುತ್ತದೆ. ಒಂದು ಚಹಾ ಕುಡಿದ ಅರ್ಧ, ಮುಕ್ಕಾಲು ಗಂಟೆಗೆ ನೋವು ಇಳಿದರೆ ಕಾರಣ ಸಿಕ್ಕಂತೆಯೇ. ಇದನ್ನು ಮನಸ್ಸಿನ ದೌರ್ಬಲ್ಯ ಎಂದು ಯಾರೂ ಹೀಯಾಳಿಸಬಾರದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ರೋಗನಿರ್ಣಯವೇ ಇದೆ.

ಎಷ್ಟು ಕುಡಿದರೆ ಹೀಗಾಗುತ್ತದೆ? ದಿನಕ್ಕೆ 100 ಮಿಲಿಗ್ರಾಂನಷ್ಟು ಕೆಫೀನ್ ರೂಢಿಯಾದರೂ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, ಅಷ್ಟೇ ಅಳತೆಯ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಅದೇ ಮಾರ್ಗಸೂಚಿ. ಮಂಡಕ್ಕಿ ಭಟ್ಟಿಯ ಬೆಂಕಿಯೆದುರು ದುಡಿಯುವವರು, ಹರಿಹರದ ಕಡೆ ನೈಟ್ ಶಿಫ್ಟ್ ಮಾಡುವವರು ಲೆಕ್ಕ ಹಾಕಿದರೆ ತಾವು ಎಲ್ಲಿದ್ದೇವೆ ಎಂದು ತಿಳಿಯುತ್ತದೆ.

ಬಿಡಬೇಕೆಂದರೆ ಒಮ್ಮೆಲೇ ಬಿಡಬೇಡಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದ ಮಾತು ಇದೊಂದೇ. ನಮ್ಮೂರಿನ ಹೋಟೆಲುಗಳಲ್ಲೇ ಇದಕ್ಕೊಂದು ಸುಲಭ ಅಳತೆ ಇದೆ, ಬೈಟೂ. ದಿನಕ್ಕೆ ಆರು ಚಹಾ ಕುಡಿಯುವವರು ಮೊದಲು ಸಂಜೆಯದನ್ನು ಬೈಟೂ ಮಾಡಿಕೊಳ್ಳಲಿ. ಮೂರ್ನಾಲ್ಕು ದಿನ ಮೈ ಒಗ್ಗಿದ ಮೇಲೆ ಅದನ್ನು ಪೂರ್ತಿ ಬಿಟ್ಟು ಇನ್ನೊಂದನ್ನು ಅರ್ಧ ಮಾಡಲಿ. ಸಂಜೆಯದೇ ಮೊದಲು ಏಕೆಂದರೆ, ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಆರು ಗಂಟೆಯ ಚಹಾ ಹನ್ನೊಂದಕ್ಕೂ ನಿದ್ದೆಗೆ ಅಡ್ಡ ನಿಂತಿರುತ್ತದೆ. ಬೆಳಗಿನ ಮೊದಲ ಲೋಟವನ್ನು ಕೊನೆಗೆ ಉಳಿಸಿಕೊಳ್ಳಿ, ಅದನ್ನು ಬಿಡುವುದೇ ಎಲ್ಲರಿಗೂ ಕಷ್ಟ.

ರೋಜಾ ಹಿಡಿಯುವವರು ರಂಜಾನಿಗೆ ಎರಡು ವಾರ ಮೊದಲೇ ಹೀಗೆ ಇಳಿಸುತ್ತಾ ಬರಲಿ. ಸಹರಿಯಲ್ಲಿ ಒಂದು ಸಣ್ಣ ಚಹಾ ಇಟ್ಟುಕೊಂಡರೆ ಇಫ್ತಾರಿನವರೆಗಿನ ಅಂತರ ಕಡಿಮೆಯಾಗುತ್ತದೆ. ಅದರ ಜೊತೆಗೆ ನೀರನ್ನೂ ಸಾಕಷ್ಟು ಕುಡಿಯಿರಿ.

ಚಹಾ ಬಿಟ್ಟವರಿಗೆ ಹಸಿವೂ ಹೆಚ್ಚಿದಂತೆ ಅನಿಸಬಹುದು. ಅಷ್ಟು ದಿನ ಹಾಲು, ಸಕ್ಕರೆ ಒಂದಿಷ್ಟು ಹೊಟ್ಟೆ ತುಂಬಿಸುತ್ತಿದ್ದವು. ಆ ಹೊತ್ತಿಗೆ ಒಂದು ಹಿಡಿ ಮಂಡಕ್ಕಿ, ಶೇಂಗಾ ತಿನ್ನಿ, ಜೀರಿಗೆ ಕೊತ್ತಂಬರಿ ಕಷಾಯ ಕುಡಿಯಿರಿ. ಕಷಾಯದಲ್ಲಿ ಕೆಫೀನ್ ಇಲ್ಲ. ಚಿಕೋರಿಯಲ್ಲೂ ಇಲ್ಲ, ಆದ್ದರಿಂದ ಕಾಫಿ ಪ್ರಿಯರು ಚಿಕೋರಿ ಹೆಚ್ಚಿರುವ ಪುಡಿಗೆ ಬದಲಾಯಿಸಿಕೊಂಡೂ ಇಳಿಸಬಹುದು.

ಮಾತ್ರೆಯ ವಿಷಯದಲ್ಲಿ ಎಚ್ಚರ ಬೇಕು. ತಲೆನೋವಿಗೆಂದು ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳಲ್ಲೇ ಕೆಫೀನ್ ಬೆರೆತಿರುತ್ತದೆ. ಚಹಾ ಬಿಟ್ಟು ದಿನಾ ಅದನ್ನು ನುಂಗಿದರೆ ಬಿಟ್ಟದ್ದೇನೂ ಇಲ್ಲ. ಪೊಟ್ಟಣದ ಮೇಲಿನ ಹೆಸರುಗಳನ್ನು ಓದಿ, ಇಲ್ಲವೇ ಔಷಧಿ ಅಂಗಡಿಯವರನ್ನು ಕೇಳಿ. ಆಪರೇಷನ್ನಿಗೆ ಮುಂಚೆ ಏನನ್ನೂ ತೆಗೆದುಕೊಳ್ಳದೆ ಇರಬೇಕಾದವರಿಗೂ ಇದೇ ತಲೆನೋವು ಬರಬಹುದು. ದಿನಕ್ಕೆ ಎಷ್ಟು ಚಹಾ ಕುಡಿಯುತ್ತೀರೆಂದು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಎಲ್ಲ ತಲೆನೋವನ್ನೂ ಚಹಾದ ತಲೆಗೆ ಕಟ್ಟಬೇಡಿ. ಸಿಡಿಲು ಬಡಿದಂತೆ ಏಕಾಏಕಿ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಕಂಡರೆ ಕಷಾಯ ಕಾಯಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಹತ್ತು ದಿನ ಕಳೆದರೂ ನೋವು ಹೋಗದಿದ್ದರೂ ವೈದ್ಯರಿಗೆ ತೋರಿಸಿ.