ಕರಡಿ ಡಬ್ಬಿಗೆ ಏಳು ಊಟ

ಹೋದ ವರ್ಷ ಆಗಸ್ಟ್‌ನಲ್ಲಿ ನಾವು ನಾಲ್ವರು ಯೊಸೆಮಿಟಿಗೆ ಮೂರು ದಿನದ ಬ್ಯಾಕ್‌ಪ್ಯಾಕಿಂಗ್ ಹೋಗಿದ್ದೆವು. ಟುವಾಲಮಿ ಮೆಡೋಸ್‌ನಿಂದ ಹೊರಟು, ಕೆಥೀಡ್ರಲ್ ಲೇಕ್ಸ್ ಹಾದು, ಜಾನ್ ಮ್ಯೂರ್ ಟ್ರೇಲ್ ಹಿಡಿದು ವ್ಯಾಲಿಗೆ ಇಳಿಯುವ ದಾರಿ, ಸುಮಾರು 35 ಕಿಲೋಮೀಟರ್. ನಾಲ್ವರೂ ಎಂಜಿನಿಯರ್‌ಗಳೇ. ಟೆಂಟಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ನೋಡಿದ್ದೆವು. ಊಟದ ವಿಷಯ ಮಾತ್ರ ಹೊರಡೋ ಹಿಂದಿನ ರಾತ್ರಿ ನೆನಪಾಯ್ತು. ಇಂಡಿಯನ್ ಸ್ಟೋರ್‌ಗೆ ಓಡಿ ಸೋನಾ ಮಸೂರಿ, ತೊಗರಿಬೇಳೆ, ಸಾರಿನ ಪುಡಿ, ಮಂಡಕ್ಕಿ, ಚಿಪ್ಸ್ ಅಂತ ಕೈಗೆ ಸಿಕ್ಕಿದ್ದು ತಂದೆವು.

ಮೂರನೇ ದಿನ ನೆವಾಡಾ ಫಾಲ್ ಹತ್ತಿರ ನಮ್ಮಲ್ಲೊಬ್ಬನಿಗೆ ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದು ಕೂತ. ಹಿಂದಿನ ರಾತ್ರಿಯಿಂದ ಅವನ ಹೊಟ್ಟೆಗೆ ಹೋಗಿದ್ದು ಅರ್ಧ ಬೆಂದ ಅನ್ನ, ಒಂದು ಹಿಡಿ ಚಿಪ್ಸ್ ಅಷ್ಟೇ. ಬ್ಯಾಗಿನ ತಳದಲ್ಲಿ ಸಿಕ್ಕ ಬೆಲ್ಲದ ಚೂರು ತಿನ್ನಿಸಿ, ಅರ್ಧ ಗಂಟೆ ಕೂರಿಸಿ, ಅವನ ಬ್ಯಾಗನ್ನು ನಾವೇ ಹಂಚಿಕೊಂಡು ಹೊತ್ತು ಇಳಿಸಿದೆವು. ಇಳಿಯೋ ದಾರಿಯಲ್ಲಿ ಹಾಗೆ ತಲೆ ತಿರುಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತೆ. ಈ ಸಲ ಹೊಸದಾಗಿ ಬಂದವರು ಇದೇ ತಪ್ಪು ಮಾಡಬಾರದು ಅಂತ ನಮ್ಮ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಬೇಳೆಯ ಕಥೆ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತೆ, ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತೆ. ಬೆಂಗಳೂರಲ್ಲಿ ಸುಮಾರು 97 ಡಿಗ್ರಿಗೆ ಕುದಿಯುವ ನೀರು ಕೆಥೀಡ್ರಲ್ ಲೇಕ್ಸ್‌ನ 2,800 ಮೀಟರ್ ಎತ್ತರದಲ್ಲಿ 90ರ ಆಸುಪಾಸಿನಲ್ಲೇ ಕುದಿಯುತ್ತೆ. ಕಣ್ಣಿಗೆ ಕೊತಕೊತ ಕಂಡರೂ ಬೇಳೆಗೆ ಆ ಬಿಸಿ ಸಾಲದು. ಮನೆಯಲ್ಲಿ ಕುಕ್ಕರ್ ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ, ಒತ್ತಡ ಏರಿಸಿ 120ರ ಹತ್ತಿರ ಒಯ್ಯುತ್ತೆ. ನಾವು ಮೊದಲ ರಾತ್ರಿ ಐವತ್ತು ನಿಮಿಷ ಬೇಯಿಸಿದರೂ ಬೇಳೆ ಕಾಳು ಕಾಳಾಗೇ ಇತ್ತು, 110 ಗ್ರಾಂನ ಒಂದು ಗ್ಯಾಸ್ ಕ್ಯಾನ್ ಖಾಲಿ. ಇನ್ನೊಂದು ಕ್ಯಾನ್ ಮರುದಿನ ರಾತ್ರಿ ಗಾಳಿಯಲ್ಲಿ ಅನ್ನ ಅರ್ಧ ಬೇಯುವಷ್ಟರಲ್ಲಿ ಮುಗಿಯಿತು. ಆದ್ದರಿಂದ ಬೇಯಿಸಬೇಕಾದ ಪದಾರ್ಥ ಒಯ್ಯಲೇಬೇಡಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಗುವಂಥದ್ದು ಮಾತ್ರ ಸಾಕು.

ಎರಡನೆಯದು ಜಾಗ. ಯೊಸೆಮಿಟಿಯ ಕಾಡಿನಲ್ಲಿ ರಾತ್ರಿ ಉಳಿಯುವವರು ಊಟವನ್ನು ಕರಡಿ ತೆಗೆಯಲಾಗದ ಗಟ್ಟಿ ಡಬ್ಬಿಯಲ್ಲೇ ಇಡಬೇಕು, ಅದು ಕಡ್ಡಾಯ. ಪರ್ಮಿಟ್ ಕೊಡುವಲ್ಲೇ ಬಾಡಿಗೆಗೂ ಸಿಗುತ್ತೆ. ನಮ್ಮದು 7.2 ಲೀಟರ್‌ನದು, ಇಬ್ಬರಿಗೆ ಒಂದು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಹೀಗೆ ವಾಸನೆ ಬರುವುದೆಲ್ಲ ಅದರೊಳಗೇ. ಮಂಡಕ್ಕಿ ಒಂದೇ ಅರ್ಧ ಡಬ್ಬಿ ತಿಂದುಹಾಕಿತು! ಜಾಗ ಸಾಲದೆ ಒಳ್ಳೆ ಕಡ್ಲೇಬೀಜದ ಪೊಟ್ಟಣವನ್ನು ಕಾರಿನ ಪಕ್ಕದ ಸ್ಟೀಲ್ ಲಾಕರ್‌ನಲ್ಲೇ ಬಿಟ್ಟುಬಂದಿದ್ದೆವು, ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಈಗ ಲೆಕ್ಕ. ಮೂರು ದಿನ ಅಂದರೆ ಒಂಬತ್ತು ಊಟ ಅಲ್ಲ. ಮೊದಲ ಬೆಳಗಿನ ತಿಂಡಿ ಕಾರಲ್ಲಿ, ಕೊನೆಯ ರಾತ್ರಿ ಊಟ ಕೆಳಗಿಳಿದ ಮೇಲೆ. ಉಳಿದದ್ದು ಏಳು. ಅದರಲ್ಲಿ ಮೊದಲ ಮಧ್ಯಾಹ್ನದ್ದು ದಾರಿಯಲ್ಲೇ ಮುಗಿಯುತ್ತೆ, ಚಪಾತಿ ಚಟ್ನಿಪುಡಿ ಸಾಕು, ಡಬ್ಬಿಗೆ ಬೇಕಿಲ್ಲ. ದಿನಕ್ಕೆ ಒಬ್ಬರಿಗೆ 600 ಗ್ರಾಂ ಒಣ ಪದಾರ್ಥ, ಗ್ರಾಂಗೆ ಸರಾಸರಿ ನಾಲ್ಕೂವರೆ ಕ್ಯಾಲೊರಿ ಬರೋ ಹಾಗೆ ಆರಿಸಿಕೊಂಡರೆ 2,700 ಕ್ಯಾಲೊರಿ ಆಗುತ್ತೆ. ಅಕ್ಕಿ, ಅವಲಕ್ಕಿ, ಬೆಲ್ಲ ಎಲ್ಲ ಗ್ರಾಂಗೆ ನಾಲ್ಕಕ್ಕಿಂತ ಕೆಳಗೆ. ಕಡ್ಲೇಬೀಜ ಐದೂವರೆ ದಾಟುತ್ತೆ, ಕೊಬ್ಬರಿ ಆರೂವರೆ, ತುಪ್ಪ ಒಂಬತ್ತರ ಹತ್ತಿರ. ಹಾಗಾಗಿ ಸರಾಸರಿ ಏರಿಸೋದು ಒಗ್ಗರಣೆಯೇ. ಡಯಟ್ ಮಾಡುವವರು ಆ ಮೂರು ದಿನ ರಜೆ ಹಾಕಿ.

ತೂಕ, ಜಾಗ, ಗ್ಯಾಸ್ ಮೂರಕ್ಕೂ ಒಪ್ಪಿದ್ದು ಕೊನೆಗೆ ಗೊಜ್ಜವಲಕ್ಕಿ. ಅವಲಕ್ಕಿಯೂ ಹಾಗೇ ಇಟ್ಟರೆ ಜಾಗ ತಿನ್ನುತ್ತೆ. ಆದರೆ ಗೊಜ್ಜವಲಕ್ಕಿಗೆ ಮನೆಯಲ್ಲಿ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸುತ್ತಾರಲ್ಲ, ಹಾಗೆ ಮಾಡಿದರೆ ಅರ್ಧದಷ್ಟು ಜಾಗದಲ್ಲಿ ಕೂರುತ್ತೆ. ಒಬ್ಬರ ಒಂದು ಊಟಕ್ಕೆ ಅವಲಕ್ಕಿ ತರಿ 100 ಗ್ರಾಂ, ಕಡ್ಲೇಬೀಜ 25, ಕೊಬ್ಬರಿ ತುರಿ 10, ಬೆಲ್ಲದ ಪುಡಿ 10, ಎಣ್ಣೆ 15, ಜೊತೆಗೆ ಸಾರಿನ ಪುಡಿ, ಹುಣಸೆ ಪುಡಿ, ಉಪ್ಪು. ಸಾಸಿವೆ, ಕರಿಬೇವು, ಕಡ್ಲೇಬೀಜದ ಒಗ್ಗರಣೆಯನ್ನು ಕರಿಬೇವು ಗರಿಗರಿ ಆಗುವ ತನಕ ಹುರಿದು, ಪೂರ್ತಿ ಆರಿಸಿಯೇ ಬೆರೆಸಿ. ತೇವ ಉಳಿದರೆ ಕೆಡುತ್ತೆ. ಒಂದೊಂದು ಊಟವನ್ನೂ ಬೇರೆ ಬೇರೆ ಜಿಪ್ ಕವರಿಗೆ ತುಂಬಿ ಗಾಳಿ ಹಿಂಡಿ. ಸುಮಾರು 160 ಗ್ರಾಂ, 700 ಕ್ಯಾಲೊರಿ. ತಿನ್ನುವಾಗ ಲೋಟ ಪುಡಿಗೆ ಮೊದಲು ಮುಕ್ಕಾಲು ಲೋಟ ನೀರು ಹಾಕಿ ಹದಿನೈದು ನಿಮಿಷ ಮುಚ್ಚಿಡಿ, ಬೇಕಾದರೆ ಇನ್ನಷ್ಟು. ಗ್ಯಾಸ್ ಕೈಕೊಟ್ಟರೆ ಫಿಲ್ಟರ್ ಮಾಡಿದ ತಣ್ಣೀರಲ್ಲೂ ನೆನೆಯುತ್ತೆ, ಸ್ವಲ್ಪ ಹೊತ್ತು ಜಾಸ್ತಿ ಬೇಕು ಅಷ್ಟೇ. ಮನೆಯಲ್ಲಿ ಒಮ್ಮೆ ಮಾಡಿ ತಿಂದು ನೋಡಿಯೇ ಹೊರಡಿ.

ಉಳಿದ ಊಟಕ್ಕೆ ತುಪ್ಪದ ಹುರಿಹಿಟ್ಟು, ಇನ್‌ಸ್ಟಂಟ್ ನೂಡಲ್ಸ್, ಚಿಕ್ಕಿ. ತುರ್ತಿಗೆ ಒಂದು ಊಟ ಹೆಚ್ಚಿಗೆ ಇಟ್ಟುಕೊಳ್ಳಿ, ಜೇಬಿನಲ್ಲಿ ಬೆಲ್ಲ ಇರಲಿ.

ಈ ಜುಲೈನಲ್ಲಿ ಅದೇ ನಾಲ್ವರು ಅದೇ ದಾರಿಯಲ್ಲಿ ಹೋದೆವು. 230 ಗ್ರಾಂನ ಒಂದೇ ಗ್ಯಾಸ್ ಕ್ಯಾನ್, ಅದರಲ್ಲೂ ಸ್ವಲ್ಪ ಉಳಿಯಿತು. ಹೋದ ವರ್ಷ ಕುಸಿದು ಕೂತವನೇ ಈ ಸಲ ಎಲ್ಲರಿಗಿಂತ ಮುಂದೆ ಇಳಿದ. ಬಗೆಹರಿಯದೆ ಉಳಿದದ್ದು ಫಿಲ್ಟರ್ ಕಾಫಿ ಮಾತ್ರ. ಡಿಕಾಕ್ಷನ್ ಎರಡನೇ ದಿನಕ್ಕೇ ರುಚಿ ಕೆಟ್ಟಿತು, ಹಾಲಿನ ಪುಡಿ ಗಂಟು ಕಟ್ಟಿತು. ದಾರಿ ಗೊತ್ತಿದ್ದವರು ಸಂಘದ ಮುಂದಿನ ಮೀಟಿಂಗ್‌ನಲ್ಲಿ ಹೇಳಿ, ಕಾಫಿ ಪುಡಿ ನಾವೇ ತರುತ್ತೇವೆ.